ನಮ್ಮೂರ ಬಸ್ಸಿನ ಮೊದಲ ಮೆಟ್ಟಿಲು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳು)



ನಾನು 2005ರಲ್ಲಿ ಈ ಶಾಲೆಯಿಂದ ಎಸ್ಸೆಸ್ಸೆಲ್ಸಿ ಪಾಸಾದವನು. ಆಮೇಲೆ ಮುಳಬಾಗಿಲಿನಲ್ಲಿ ಪಿಯುಸಿ, ಬೆಂಗಳೂರಿನಲ್ಲಿ ಬಿಇ, ಈಗ ಅಲ್ಲೇ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಸಮಿತಿಯವರು ಫೋನ್ ಮಾಡಿ ‘ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಉದ್ಯೋಗಾವಕಾಶಗಳು’ ಅಂತ ಹತ್ತು ನಿಮಿಷ ಮಾತಾಡಪ್ಪಾ ಅಂದರು. ಆಗಲಿ ಅಂದೆ. ಬರೆಯಲು ಕೂತಾಗ ಬೇರೆಯೇ ಬಂತು. ಸಮಿತಿಯವರು ಕ್ಷಮಿಸಬೇಕು. ಉದ್ಯೋಗಾವಕಾಶದ ಬಗ್ಗೆ ಕೇಳುವ ಮಕ್ಕಳಿದ್ದರೆ ಊಟದ ಹೊತ್ತಿನಲ್ಲಿ ಹಿಡಿದುಕೊಳ್ಳಿ, ಗೊತ್ತಿರುವಷ್ಟು ಹೇಳುತ್ತೇನೆ.

ನಾನು ಇಂಜಿನಿಯರ್ ಆದದ್ದಕ್ಕೆ ಈ ಶಾಲೆ ಕಾರಣ. ಗಣಿತದ ಮೇಷ್ಟ್ರ ಬೆತ್ತ ಕಾರಣ. ನಮ್ಮಪ್ಪನಿಗೆ ಆ ವರ್ಷ ಟೊಮೆಟೊಗೆ ಒಳ್ಳೇ ರೇಟು ಸಿಕ್ಕಿದ್ದೂ ಕಾರಣ. ಇನ್ನೊಂದು ಕಾರಣವನ್ನು ನಾನು ಬಹಳ ವರ್ಷ ಲೆಕ್ಕಕ್ಕೇ ಇಟ್ಟುಕೊಂಡಿರಲಿಲ್ಲ. ಬೆಳಿಗ್ಗೆ ಮುಳಬಾಗಿಲಿಗೆ ಹೋಗುವ ಬಸ್ಸಿನ ಮೊದಲ ಮೆಟ್ಟಿಲಿಗೆ ನನ್ನ ಕಾಲು ಎಟುಕುತ್ತಿತ್ತು. ನನ್ನ ಜೊತೆ ಅದೇ ಬೆಂಚಿನಲ್ಲಿ ಕೂತು ಓದಿದವನಿಗೆ ಎಟುಕುತ್ತಿರಲಿಲ್ಲ.

ಅವನ ಹೆಸರು ಹೇಳುವುದಿಲ್ಲ. ‘ಭಾಷಣದಲ್ಲಿ ಬೇಡ, ಪುಸ್ತಕದಲ್ಲಂತೂ ಬೇಡವೇ ಬೇಡ. ಹೆಸರು ಹೇಳಿದ್ರೆ ಎಲ್ಲಾ ತಿರುಗಿ ನನ್ನ ಕಾಲೇ ನೋಡ್ತಾರೆ’ ಅಂದಿದ್ದಾನೆ. ನಮ್ಮ ಬ್ಯಾಚಿನವರಿಗೆ ಹೇಳದೆಯೂ ಗೊತ್ತಾಗುತ್ತೆ. ಚಿಕ್ಕ ವಯಸ್ಸಿನಲ್ಲೇ ಪೋಲಿಯೊ ಆಗಿ ಒಂದು ಕಾಲಿಗೆ ಕ್ಯಾಲಿಪರ್ ಹಾಕಿಕೊಂಡು, ಕೈಯಲ್ಲಿ ಕೋಲು ಹಿಡಿದು ಬರುತ್ತಿದ್ದ. ಶಾಲೆಗೆ ಮನೆಯಿಂದ ನಡೆದೇ ಬರಬಹುದಿತ್ತು, ಹಾಗಾಗಿ ಹತ್ತನೇ ಕ್ಲಾಸಿನವರೆಗೆ ಅವನ ಕಾಲು ನಮಗೆ ಒಂದು ವಿಷಯವೇ ಆಗಿರಲಿಲ್ಲ. ಕಬಡ್ಡಿ ಆಡುವಾಗ ಅಂಪೈರು ಅವನೇ. ಔಟಾದವನಿಗೆ ಕೋಲು ತೋರಿಸಿ ಹೊರಗೆ ಕಳಿಸುತ್ತಿದ್ದ, ಎದುರು ಮಾತಾಡುವ ಧೈರ್ಯ ಯಾರಿಗೂ ಇರಲಿಲ್ಲ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ನನಗಿಂತ ಒಂಬತ್ತು ಅಂಕ ಜಾಸ್ತಿ ತೆಗೆದ.

ಇಬ್ಬರೂ ಮುಳಬಾಗಿಲಿನಲ್ಲಿ ಪಿಯುಸಿಗೆ ಸೇರಿದೆವು, ಸೈನ್ಸೇ. ಮೊದಲ ವಾರ ಅವರ ನಾಯನ ಬಂದು ಎರಡೂ ಕಂಕುಳಿಗೆ ಕೈ ಹಾಕಿ ಎತ್ತಿ ಬಸ್ಸಿನೊಳಗೆ ಬಿಡುತ್ತಿದ್ದರು. ನಾನು ಮೇಲೆ ನಿಂತು ಬ್ಯಾಗು, ಕೋಲು ತೆಗೆದುಕೊಳ್ಳುತ್ತಿದ್ದೆ. ಎರಡನೇ ವಾರ ಅವರು ಕೂಲಿಗೆ ಹೋಗಲೇಬೇಕಿತ್ತು, ನಾವೇ ನೋಡ್ಕೋತೀವಿ ಬಿಡಿ ಅಂದೆವು. ಎರಡು ದಿನ ನೋಡಿಕೊಂಡೆವು. ಮೂರನೇ ದಿನ ಬಸ್ಸು ಬರುವಾಗಲೇ ಬಾಗಿಲಲ್ಲಿ ಜನ ನೇತಾಡುತ್ತಿದ್ದರು. ನಾನು ಬ್ಯಾಗುಗಳನ್ನು ಹಿಡಿದು ಮೊದಲು ಹತ್ತಿದೆ. ಅವನು ಕಂಬಿ ಹಿಡಿದು ಒಳ್ಳೆಯ ಕಾಲನ್ನು ಮೇಲಿಟ್ಟ. ಇನ್ನೊಂದನ್ನು ಎತ್ತಿಕೊಳ್ಳುವಷ್ಟರಲ್ಲಿ ಬಸ್ಸು ಹೊರಟಿತು. ಯಾರ ಬಸ್ಸು, ಎಷ್ಟು ಗಂಟೆಯದು ಅಂತ ಹೇಳುವುದಿಲ್ಲ. ಆ ಕಾಲದಲ್ಲಿ ನಾನು ಕಂಡ ಬಸ್ಸುಗಳ ಮೆಟ್ಟಿಲೆಲ್ಲ ಹೆಚ್ಚುಕಡಿಮೆ ಒಂದೇ ಎತ್ತರ, ಅವಸರವೂ ಒಂದೇ.

ಅವನು ಬಿದ್ದ. ದೊಡ್ಡ ಪೆಟ್ಟೇನೂ ಆಗಲಿಲ್ಲ, ಕ್ಯಾಲಿಪರಿನ ಬಕಲ್ ಮುರಿಯಿತು, ಮೊಣಕೈ ತರಚಿತು. ಕಿಟಕಿಯಿಂದ ನೋಡಿದೆ. ಯಾರೋ ಎಬ್ಬಿಸುತ್ತಿದ್ದರು. ‘ನಿಲ್ಸಿ’ ಅಂತ ಕೂಗಬಹುದಿತ್ತು. ಮುಂದಿನ ಸ್ಟಾಪಿನಲ್ಲಿ ಇಳಿದು ವಾಪಸ್ ನಡೆಯಬಹುದಿತ್ತು. ಅವತ್ತು ಕೆಮಿಸ್ಟ್ರಿ ಪ್ರಾಕ್ಟಿಕಲ್ ಇತ್ತು. ಅವನ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು ನಾನು ಮುಳಬಾಗಿಲಿಗೆ ಹೋದೆ. ಸಂಜೆ ಬ್ಯಾಗು ಕೊಡಲು ಅವರ ಮನೆಗೆ ಹೋದಾಗ ‘ನಾಳೆಯಿಂದ ಬರಲ್ಲ ಕಣೋ’ ಅಂದ. ‘ಯಾಕೆ’ ಅಂತ ಕೂಡ ನಾನು ಕೇಳಲಿಲ್ಲ.

ಅವನ ವಿದ್ಯಾಭ್ಯಾಸ ಅಲ್ಲಿಗೆ ನಿಂತಿತು. ಊರಿನಲ್ಲಿ ‘ಪಾಪ, ಕಾಲಿಲ್ಲ, ಓದೋಕಾಗಲಿಲ್ಲ’ ಅಂದರು. ನಾನೂ ಹಾಗೇ ಅಂದುಕೊಂಡೆ, ಸುಮಾರು ಹತ್ತು ವರ್ಷ.

ಆ ತಿಳುವಳಿಕೆ ಸಡಿಲವಾದದ್ದು ನನ್ನ ಆಫೀಸಿನಲ್ಲಿ. ನಮ್ಮ ತಂಡಕ್ಕೆ ಕಣ್ಣು ಕಾಣದ ಒಬ್ಬ ಇಂಜಿನಿಯರ್ ಬಂದರು. ಕಂಪ್ಯೂಟರ್ ಪರದೆಯ ಮೇಲಿರುವುದನ್ನು ಓದಿ ಹೇಳುವ ಸಾಫ್ಟ್‌ವೇರ್ ಇರುತ್ತದೆ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನಮ್ಮಷ್ಟೇ ವೇಗವಾಗಿ ಕೆಲಸ ಮಾಡುತ್ತಿದ್ದರು. ನಾವು ಮಾಡಿದ ಒಂದು ಅರ್ಜಿ ಫಾರ್ಮಿನಲ್ಲಿ ಕೊನೆಯ ಗುಂಡಿಯನ್ನು ಬರೀ ಚಿತ್ರವಾಗಿ ಹಾಕಿದ್ದೆವು, ಅದಕ್ಕೆ ಹೆಸರು ಕೊಟ್ಟಿರಲಿಲ್ಲ. ಅವರ ಕಂಪ್ಯೂಟರ್ ಅದನ್ನು ಓದದು. ಇಡೀ ಫಾರ್ಮು ತುಂಬಿ ಕೊನೆಯಲ್ಲಿ ಕಳಿಸಲಾಗದೆ ಕೂರಬೇಕು. ಅವರು ಅದನ್ನು ದೋಷ ಅಂತ ದಾಖಲಿಸಿದರು. ನಾನು ಅದರ ಮುಂದೆ ‘ತುರ್ತಿಲ್ಲ, ಮುಂದೆ ನೋಡೋಣ’ ಅಂತ ಬರೆದೆ. ಅವರು ನನ್ನ ಮೇಜಿನ ಹತ್ತಿರ ಬಂದು ಸಮಾಧಾನವಾಗಿಯೇ ಕೇಳಿದರು: ಇದೇ ಗುಂಡಿ ಕಣ್ಣಿರುವವರಿಗೆ ಕೆಲಸ ಮಾಡದೆ ಹೋಗಿದ್ದರೆ ಎಷ್ಟು ಹೊತ್ತಿನಲ್ಲಿ ಸರಿ ಮಾಡುತ್ತಿದ್ದಿರಿ? ಹತ್ತು ನಿಮಿಷದ ಕೆಲಸ ಅದು, ಮಾಡಿದೆ. ಅವತ್ತು ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಆ ಬಸ್ಸು, ನನ್ನ ಮಡಿಲಲ್ಲಿದ್ದ ಅವನ ಬ್ಯಾಗು ಕಣ್ಣಮುಂದೆ. ದೋಷ ಗುಂಡಿಯಲ್ಲಿದ್ದರೂ ನಾವು ಕಣ್ಣಿನ ಮೇಲೆ ಹಾಕಿದ್ದೆವು. ಅಲ್ಲಿ ಮೆಟ್ಟಿಲಿನಲ್ಲಿದ್ದದ್ದನ್ನು ಕಾಲಿನ ಮೇಲೆ ಹಾಕಿದ್ದೆವು.

ಊರಿನವರಿಂದ ನಂಬರ್ ತೆಗೆದುಕೊಂಡು ಫೋನ್ ಮಾಡಿದೆ. ಬೈಯುತ್ತಾನೆ ಅಂದುಕೊಂಡಿದ್ದೆ. ‘ಏನೋ, ಬ್ಯಾಗು ಕೊಟ್ಟು ಹೋದೋನು ಈಗ ನೆನಪಾಯ್ತಾ’ ಅಂದ. ಅಷ್ಟೇ ಬೈಗುಳ. ಅಷ್ಟು ಹೊತ್ತಿಗೆ ಅವನು ಒಂದು ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತನಾಗಿದ್ದ. ನಮ್ಮ ರಾಜ್ಯದಲ್ಲಿ ಪಂಚಾಯಿತಿಗೊಬ್ಬರಂತೆ ಇಂಥ ಕಾರ್ಯಕರ್ತರಿದ್ದಾರೆ, ಗೌರವಧನದ ಮೇಲೆ ದುಡಿಯುವವರು. ಊರೂರು ತಿರುಗಿ ಯಾರಿಗೆ ಯುಡಿಐಡಿ ಕಾರ್ಡ್ ಇಲ್ಲ, ಯಾರಿಗೆ ಪಿಂಚಣಿ ನಿಂತಿದೆ, ಯಾವ ಮಗುವಿಗೆ ಶ್ರವಣಯಂತ್ರ ಬೇಕು ಎಂದು ನೋಡುವುದು ಇವರ ಕೆಲಸ. ಓಡಾಟಕ್ಕೆ ಪಕ್ಕಕ್ಕೆ ಹೆಚ್ಚುವರಿ ಚಕ್ರ ಜೋಡಿಸಿದ ಸ್ಕೂಟರ್ ಇಟ್ಟುಕೊಂಡಿದ್ದಾನೆ.

ಅವನ ಕೆಲಸದಲ್ಲಿ ಇನ್ನೊಂದು ಬಸ್ ಪಾಸ್ ಮಾಡಿಸಿಕೊಡುವುದು. ಅಂಗವಿಕಲರಿಗೆ ಕೆಎಸ್ಆರ್‌ಟಿಸಿ ರಿಯಾಯಿತಿ ಪಾಸಿದೆ: ವರ್ಷಕ್ಕೆ 660 ರೂಪಾಯಿ ಕಟ್ಟಿದರೆ ಮನೆಯಿಂದ 100 ಕಿಲೋಮೀಟರ್ ಸುತ್ತಳತೆಯಲ್ಲಿ ಓಡಾಡಬಹುದು. ಕಣ್ಣಿಲ್ಲದವರಿಗೆ ಪಾಸು ಉಚಿತ. ಒಳ್ಳೆಯ ಸೌಲಭ್ಯ, ಅದರಿಂದ ಎಷ್ಟೋ ಜನ ಆಸ್ಪತ್ರೆಗೆ, ಕಾಲೇಜಿಗೆ ಹೋಗುತ್ತಿದ್ದಾರೆ. ‘ವರ್ಷಾ ವರ್ಷಾ ಎಷ್ಟೋ ಜನಕ್ಕೆ ಪಾಸ್ ಮಾಡಿಸ್ತೀನಿ. ನಾನು ಮಾಡಿಸ್ಕೊಂಡಿಲ್ಲ’ ಅಂದ. ಯಾಕೆ ಅಂತ ಈ ಸಲ ಕೇಳಿದೆ. ‘ಪಾಸು ಬಸ್ಸೊಳಗೆ ತೋರಿಸೋದಲ್ವೇನೋ? ಒಳಗೆ ಹೋದರೆ ತಾನೇ.’

ಈ ಮಾತನ್ನೇ ಜಗತ್ತಿನ ಎಷ್ಟೋ ಊರಿನಲ್ಲಿ ಜನ ಬೀದಿಯಲ್ಲಿ ಕೂತು ಹೇಳಿದ್ದಾರೆ. ಅದು ನನಗೆ ಗೊತ್ತಾದದ್ದು ಕೆಲಸದ ಮೇಲೆ ಮೂರು ತಿಂಗಳು ಅಮೆರಿಕದ ಸಿಯಾಟಲ್‌ನಲ್ಲಿದ್ದಾಗ. ದಿನಾ ಸಿಟಿ ಬಸ್ಸಿನಲ್ಲೇ ಆಫೀಸಿಗೆ ಹೋಗುತ್ತಿದ್ದೆ. ಒಂದು ಬೆಳಿಗ್ಗೆ ಸ್ಟಾಪಿನಲ್ಲಿ ಗಾಲಿಕುರ್ಚಿಯ ಮೇಲೆ ಒಬ್ಬ ಮುದುಕಿ ಇದ್ದರು. ಬಸ್ಸು ನಿಂತು, ಬಾಗಿಲ ಕಡೆಗೆ ಒಂದಿಷ್ಟು ತಗ್ಗಿತು, ನಮ್ಮ ಹಸು ಮಲಗುವಾಗ ಮುಂಗಾಲು ಮಡಚುತ್ತದಲ್ಲ, ಹಾಗೆ. ಒಳಗಿಂದ ಒಂದು ಹಲಗೆ ಹೊರಗೆ ಮಗುಚಿಕೊಂಡಿತು. ಆಕೆ ತಾನೇ ಕುರ್ಚಿ ಉರುಳಿಸಿಕೊಂಡು ಒಳಗೆ ಬಂದರು. ಡ್ರೈವರ್ ಎದ್ದುಬಂದು ಕುರ್ಚಿಗೆ ಬೆಲ್ಟ್ ಬಿಗಿದು ಹೋಗಿ ಕೂತ. ಎರಡು ಮೂರು ನಿಮಿಷ ಹಿಡಿದಿರಬಹುದು. ಯಾರೂ ತಲೆ ಎತ್ತಿ ನೋಡಲಿಲ್ಲ, ‘ಪಾಪ’ ಅನ್ನಲಿಲ್ಲ. ಬಾಯಿ ಬಿಟ್ಟು ನೋಡುತ್ತಿದ್ದವನು ನಾನೊಬ್ಬನೇ.

ಇವರ ದೇಶವೇ ಹೀಗೆ, ದುಡ್ಡಿರುವವರು, ಕರುಣೆಯಿರುವವರು ಅಂತ ಆಫೀಸಿನಲ್ಲಿ ಹೇಳಿದೆ. ಅಲ್ಲಿನ ಒಬ್ಬ ಹಿರಿಯ ಸಹೋದ್ಯೋಗಿ ನಕ್ಕು, ಡೆನ್ವರ್ ಕಥೆ ಓದಿಕೋ ಅಂದರು. ಓದಿದೆ.

ಡೆನ್ವರ್ ಕೊಲರಾಡೊ ರಾಜ್ಯದ ರಾಜಧಾನಿ. ಅಲ್ಲಿ ಕೈಕಾಲು ನಡೆಯದ ಹರೆಯದವರನ್ನೂ ಮುದುಕರ ಜೊತೆ ಆರೈಕೆ ಮನೆಗಳಲ್ಲಿ ಇಟ್ಟುಬಿಡುತ್ತಿದ್ದರು. ವೇಡ್ ಬ್ಲ್ಯಾಂಕ್ ಎಂಬ ಪಾದ್ರಿ 1970ರ ದಶಕದಲ್ಲಿ ಅಂಥ ಕೆಲವರನ್ನು ಹೊರಗೆ ತಂದು ಸ್ವಂತ ಮನೆಗಳಲ್ಲಿ ಬದುಕಲು ನೆರವಾದರು. ಮನೆಯೇನೋ ಸಿಕ್ಕಿತು. ಮನೆಯಿಂದ ಕೆಲಸಕ್ಕೆ, ಅಂಗಡಿಗೆ, ಸಿನಿಮಾಕ್ಕೆ ಹೋಗಲು ಬಸ್ಸು ಹತ್ತಬೇಕಲ್ಲ? ಗಾಲಿಕುರ್ಚಿ ಏರಿಸುವ ಯಂತ್ರವಿರುವ ಬಸ್ಸು ಕೊಡಿ ಎಂದು ಕೋರ್ಟಿಗೆ ಹೋದರು, ಕೇಸು ಸೋತರು. 1978ರ ಜುಲೈ 5ರಂದು 19 ಮಂದಿ ಊರಿನ ನಟ್ಟನಡುವಿನ ವೃತ್ತಕ್ಕೆ ಗಾಲಿಕುರ್ಚಿಗಳಲ್ಲಿ ಬಂದು ಎರಡು ಬಸ್ಸುಗಳನ್ನು ಹಿಂದೆ ಮುಂದೆ ಸುತ್ತುವರಿದರು. ಕೆಲವರು ಕುರ್ಚಿಯಿಂದಿಳಿದು ರಸ್ತೆಯ ಮೇಲೇ ಮಲಗಿದರು. ರಾತ್ರಿಯಿಡೀ ಅಲ್ಲಿಂದ ಕದಲಲಿಲ್ಲ. ಅವರದು ಒಂದೇ ಘೋಷಣೆ: ನಾವೂ ಬಸ್ಸಿನಲ್ಲಿ ಹೋಗುತ್ತೇವೆ. ಕೆಲವು ವರ್ಷಗಳಲ್ಲಿ ಡೆನ್ವರ್ ಸಾರಿಗೆ ಸಂಸ್ಥೆ ಒಪ್ಪಿತು. 1983ರಲ್ಲಿ ಇದೇ ಜನ ದೇಶದ ಮಟ್ಟದಲ್ಲಿ ‘ಅಡಾಪ್ಟ್’ ಎಂಬ ಸಂಘಟನೆ ಕಟ್ಟಿದರು. ಆ ಹೆಸರಿನ ಅಕ್ಷರಗಳನ್ನು ಬಿಡಿಸಿದರೆ ‘ಎಲ್ಲರಿಗೂ ಹತ್ತಲಾಗುವ ಸಾರಿಗೆಗಾಗಿ ಅಮೆರಿಕದ ಅಂಗವಿಕಲರು’ ಎಂದೇ ಅರ್ಥ. 1990ರ ಮಾರ್ಚ್ 12ರಂದು ಅವರು ವಾಷಿಂಗ್ಟನ್‌ನಲ್ಲಿ ಸಂಸತ್ ಭವನದ ಮೆಟ್ಟಿಲುಗಳನ್ನು ಕುರ್ಚಿ ಬಿಟ್ಟು ತೆವಳಿಕೊಂಡು ಹತ್ತಿದರು. ಅವರಲ್ಲಿ ಜೆನಿಫರ್ ಕೀಲನ್ ಎಂಬ ಎಂಟು ವರ್ಷದ ಹುಡುಗಿಯೂ ಇದ್ದಳು. ಆ ಜುಲೈನಲ್ಲಿ ಕಾನೂನು ಬಂತು. ನಾನು ಸಿಯಾಟಲ್‌ನಲ್ಲಿ ಕಂಡ ಆ ತಗ್ಗುವ ಬಸ್ಸಿನ ಹಿಂದೆ ರಸ್ತೆಯಲ್ಲಿ ಮಲಗಿದವರ ಬೆನ್ನಿತ್ತು.

ದಕ್ಷಿಣ ಕೊರಿಯಾದ್ದು ಇನ್ನೂ ನೋವಿನ ಕಥೆ. 2001ರ ಜನವರಿ 22ರಂದು ಓಯಿಡೊ ಎಂಬ ರೈಲು ನಿಲ್ದಾಣದಲ್ಲಿ ಮಗನ ಮನೆಗೆ ಹೊರಟಿದ್ದ ವಯಸ್ಸಾದ ಅಂಗವಿಕಲ ದಂಪತಿ ಗಾಲಿಕುರ್ಚಿ ಲಿಫ್ಟಿನ ಹಗ್ಗ ಕಡಿದು ಬಿದ್ದರು. ಹೆಂಡತಿ ತೀರಿಕೊಂಡರು. ಮುಂದಿನ ತಿಂಗಳು ಅಂಗವಿಕಲರು ಸೋಲ್ ನಗರದಲ್ಲಿ ಹಳಿಯ ಮೇಲೆ ಇಳಿದರು. ಆಗ ಶುರುವಾದದ್ದು ಈಗಲೂ ನಿಂತಿಲ್ಲ. 2021ರ ಡಿಸೆಂಬರ್‌ನಿಂದಂತೂ ಬೆಳಗಿನ ಆಫೀಸ್ ಹೊತ್ತಿನಲ್ಲೇ ಮೆಟ್ರೊ ರೈಲಿಗೆ ಗಾಲಿಕುರ್ಚಿಗಳಲ್ಲಿ ಸಾಲಾಗಿ ಹತ್ತಿ ಇಳಿದು ರೈಲು ತಡ ಮಾಡಿದರು. ಕೆಲಸಕ್ಕೆ ಹೋಗುವವರು ಬೈದರು. ನಿಜ ಹೇಳಬೇಕೆಂದರೆ, ಆ ರೈಲಿನಲ್ಲಿದ್ದರೆ ನಾನೂ ಬೈಯುತ್ತಿದ್ದೆ. ಕೆಮಿಸ್ಟ್ರಿ ಪ್ರಾಕ್ಟಿಕಲ್ ಇರುವವರು ಎಲ್ಲ ದೇಶದಲ್ಲೂ ಇರುತ್ತಾರೆ.

ನಮ್ಮ ದೇಶಕ್ಕೆ ಬರೋಣ. ಇಲ್ಲೂ ಯಾರೂ ತಾವಾಗಿ ಕರೆದು ಕೊಟ್ಟಿಲ್ಲ. 1995ರ ಡಿಸೆಂಬರ್‌ನಲ್ಲಿ ಜಾವೇದ್ ಅಬಿದಿ ಎಂಬವರು, ಗಾಲಿಕುರ್ಚಿಯಲ್ಲೇ ಬದುಕಿದ ಮನುಷ್ಯ, ನೂರಾರು ಜನರ ಜೊತೆ ದೆಹಲಿಯ ಬೀದಿಗಿಳಿದರು. ಅದೇ ತಿಂಗಳು ಸಂಸತ್ತು ಅಂಗವಿಕಲರ ಕಾಯ್ದೆಯನ್ನು ಅಂಗೀಕರಿಸಿತು. ಅದರ 44ನೇ ಕಲಮಿನಲ್ಲಿ ಬಸ್ಸು, ರೈಲುಗಳನ್ನು ಅಂಗವಿಕಲರಿಗೆ ಅನುಕೂಲವಾಗುವಂತೆ ಮಾಡಬೇಕು ಎಂದಿತ್ತು. ಜೊತೆಗೆ ‘ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ’ ಎಂಬ ಬಾಲವೂ ಇತ್ತು. ‘ದುಡ್ಡಿದ್ರೆ ಕೊಡ್ತೀನಿ’ ಅಂತ ಸಾಲಪತ್ರ ಬರೆದುಕೊಟ್ಟ ಹಾಗೆ. ಇಪ್ಪತ್ತು ವರ್ಷ ಆ ಬಾಲವೇ ಕಾಯ್ದೆಯನ್ನು ಆಡಿಸಿತು. 2016ರಲ್ಲಿ ಹೊಸ ಕಾಯ್ದೆ ಬಂತು, 21 ಬಗೆಯ ಅಂಗವೈಕಲ್ಯಗಳನ್ನು ಸೇರಿಸಿಕೊಂಡಿತು, ಸಾರಿಗೆಗೆ 41ನೇ ಕಲಂ ಇಟ್ಟಿತು. ಮುಂದಿನ ವರ್ಷ ಅದಕ್ಕೆ ನಿಯಮಗಳೂ ಬಂದವು.

ಈ ನಡುವೆ ರಾಜೀವ್ ರತುರಿ ಎಂಬ ದೃಷ್ಟಿಯಿಲ್ಲದ ಒಬ್ಬರು ರಸ್ತೆ, ಕಟ್ಟಡ, ಸಾರಿಗೆ ಎಲ್ಲರಿಗೂ ಬಳಸಲಾಗುವಂತಿರಬೇಕು ಎಂದು 2005ರಲ್ಲೇ ಸುಪ್ರೀಂ ಕೋರ್ಟಿಗೆ ಹೋಗಿದ್ದರು. ನಾವಿಬ್ಬರು ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷ ಅದು. 2017ರ ಡಿಸೆಂಬರ್‌ನಲ್ಲಿ ಕೋರ್ಟು ಗಡುವುಗಳನ್ನು ಹಾಕಿ ತೀರ್ಪು ಕೊಟ್ಟಿತು. ಗಡುವು ಮುಗಿದವು, ಆಗಬೇಕಾದ್ದು ಆಗಲಿಲ್ಲ. ಮತ್ತೆ ವಿಚಾರಣೆ ನಡೆಸಿ 2024ರ ನವೆಂಬರ್ 8ರಂದು, ಕಾಯ್ದೆ ‘ಮಾಡಲೇಬೇಕು’ ಅನ್ನುತ್ತಿದ್ದರೆ ಸರ್ಕಾರ ಮಾಡಿದ 15ನೇ ನಿಯಮ ‘ಮಾಡಿದರೆ ಒಳ್ಳೆಯದು’ ಅನ್ನುವಂತಿದೆ, ಇದು ನಿಲ್ಲದು ಎಂದು ಅದನ್ನು ತಳ್ಳಿಹಾಕಿತು. ಕಡ್ಡಾಯದ ನಿಯಮಗಳನ್ನು ಮೂರು ತಿಂಗಳಲ್ಲಿ ಮಾಡಿ ಎಂದಿತು. ಒಂದು ಅರ್ಜಿ ಈ ಹಂತಕ್ಕೆ ಬರಲು 19 ವರ್ಷ. ಅಷ್ಟರಲ್ಲಿ ನಾನು ಬಿಇ ಮುಗಿಸಿ, ಮದುವೆಯಾಗಿ, ಮಗಳನ್ನು ಸ್ಕೂಲಿಗೆ ಸೇರಿಸಿದ್ದೆ.

ಮೆಟ್ಟಿಲು ಯಾಕೆ ಅಷ್ಟು ಎತ್ತರ ಅನ್ನುವುದನ್ನೂ ಹೇಳಬೇಕು, ಇಂಜಿನಿಯರ್ ಅನ್ನಿಸಿಕೊಂಡ ಮೇಲೆ. ನಮ್ಮ ಬಸ್ಸು ಹುಟ್ಟಿನಿಂದ ಲಾರಿ. ಲಾರಿಯ ಚಾಸಿಯನ್ನೇ ತೆಗೆದುಕೊಂಡು ಅದರ ಮೇಲೆ ತಗಡಿನ ಮನೆ ಕಟ್ಟುವುದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ. ಇಂಜಿನ್ ಮುಂದೆ, ಕೆಳಗೆ ಎರಡು ಉದ್ದದ ಉಕ್ಕಿನ ತೊಲೆ, ಅದರ ಕೆಳಗೆ ಕಮಾನು ಪಟ್ಟಿ. ಹೀಗಾಗಿ ಬಸ್ಸಿನ ನೆಲ ರಸ್ತೆಯಿಂದ ಒಂದು ಮೀಟರಿಗೂ ಮೇಲೆ ಹೋಗಿ ಕೂರುತ್ತದೆ. ಮೂಟೆ ಹೇರಲು ಆ ಎತ್ತರ ತೊಂದರೆಯಿಲ್ಲ, ಹಮಾಲಿ ಎತ್ತಿ ಹಾಕುತ್ತಾನೆ. ಜನ ಹತ್ತುವ ಬಸ್ಸಿಗೂ ಅದೇ ಚೌಕಟ್ಟು ಉಳಿಯಿತು. ಲೋ ಫ್ಲೋರ್ ಬಸ್ಸಿನಲ್ಲಿ ಇಂಜಿನ್ ಹಿಂದೆ ಹೋಗುತ್ತದೆ, ಕಮಾನು ಪಟ್ಟಿಯ ಬದಲು ಗಾಳಿ ತುಂಬಿದ ಚೀಲಗಳಿರುತ್ತವೆ, ನೆಲ ಸುಮಾರು 40 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಒಂದು ಕಡೆಯ ಗಾಳಿ ಬಿಟ್ಟರೆ ಬಸ್ಸು ಬಾಗುತ್ತದೆ, ಹಲಗೆ ಹಾಕಿದರೆ ಗಾಲಿಕುರ್ಚಿ ಒಳಗೆ. ಬೆಲೆ ಜಾಸ್ತಿ. ನಮ್ಮ ಹಳ್ಳಿ ರಸ್ತೆಯ ಹಂಪು, ಹಳ್ಳಗಳಿಗೆ ಅದರ ಹೊಟ್ಟೆ ತಾಗುತ್ತದೆ ಅನ್ನುವುದೂ ಸುಳ್ಳಲ್ಲ. ಅದಕ್ಕೂ ದಾರಿ ಇದೆ. ದೆಹಲಿ ಸರ್ಕಾರ ಎತ್ತರದ ಬಸ್ಸುಗಳನ್ನು ತರಲು ಹೊರಟಾಗ ನಿಪುಣ್ ಮಲ್ಹೋತ್ರಾ ಎಂಬವರು, ಅವರೂ ಗಾಲಿಕುರ್ಚಿ ಬಳಸುವವರು, ಹೈಕೋರ್ಟಿಗೆ ಹೋದರು. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕೊನೆಗೆ 2019ರಲ್ಲಿ ಅಲ್ಲಿಗೆ ಬಂದ ಎತ್ತರದ ಬಸ್ಸುಗಳಿಗೆ ಹೈಡ್ರಾಲಿಕ್ ಲಿಫ್ಟ್ ಇತ್ತು. ಚೆನ್ನೈನಲ್ಲಿ ವೈಷ್ಣವಿ ಜಯಕುಮಾರ್ ಮತ್ತು ಜೊತೆಗಾರರು ವರ್ಷಗಟ್ಟಲೆ ಮದ್ರಾಸ್ ಹೈಕೋರ್ಟಿಗೆ ಅಲೆದ ಮೇಲೆ 2024ರ ಆಗಸ್ಟ್‌ನಲ್ಲಿ ಅಲ್ಲಿ ಹೊಸ ಲೋ ಫ್ಲೋರ್ ಬಸ್ಸುಗಳು ರಸ್ತೆಗಿಳಿದವು.

ನಮ್ಮ ಬೆಂಗಳೂರಿನಲ್ಲಿ 2006ರಲ್ಲೇ ಬಿಎಂಟಿಸಿಯ ವೋಲ್ವೊ ಬಂತು. ನೆಲ ತಗ್ಗು, ಆದರೆ ಟಿಕೆಟ್ಟು ಎತ್ತರ. ಈಚೆಗೆ 2022ರ ಕೊನೆಯಿಂದ ಬಂದಿರುವ ಎಲೆಕ್ಟ್ರಿಕ್ ಬಸ್ಸುಗಳಲ್ಲಿ ಎಸಿ ಇಲ್ಲದ ಸಾಮಾನ್ಯ ದರದ ಬಸ್ಸಿಗೂ ನೆಲ ತಗ್ಗಾಗಿದೆ. ಮೈಸೂರಿನ ನಗರ ಬಸ್ಸುಗಳಲ್ಲಿ ಕೆಎಸ್ಆರ್‌ಟಿಸಿ ‘ಧ್ವನಿ ಸ್ಪಂದನ’ ಅಂತ ಒಂದು ಏರ್ಪಾಡು ಮಾಡಿತು: ಕಣ್ಣು ಕಾಣದವರ ಕೈಯಲ್ಲಿ ಒಂದು ಚಿಕ್ಕ ಸಾಧನ, ಗುಂಡಿ ಒತ್ತಿದರೆ ಹತ್ತಿರ ಬಂದ ಬಸ್ಸು ತಾನು ಯಾವ ನಂಬರು, ಎಲ್ಲಿಗೆ ಹೋಗುತ್ತೇನೆ ಅಂತ ಬಾಗಿಲ ಬಳಿಯ ಸ್ಪೀಕರಿನಲ್ಲಿ ಹೇಳುತ್ತದೆ. ದನಿ ಹಿಡಿದು ಹೋದರೆ ಬಾಗಿಲು ಸಿಗುತ್ತದೆ. ಅದನ್ನು ಓದಿದಾಗ ಖುಷಿಯಾಯಿತು. ಸಿಟಿ ಬಿಟ್ಟು ಈಚೆಗೆ ನಾನು ಹತ್ತಿದ ಬಸ್ಸುಗಳಲ್ಲಿ ಇಂಥದ್ದು ಕಂಡಿಲ್ಲ.

ಒಂದು ದಿನ ಅವನು ಫೋನ್ ಮಾಡಿ ‘ಬೆಂಗಳೂರಿಗೆ ಬಂದಿದೀವಿ, ಫ್ರೀಡಂ ಪಾರ್ಕ್ ಹತ್ರ ಧರಣಿ’ ಅಂದ. ಆಫೀಸಿಗೆ ಅರ್ಧ ದಿನ ರಜೆ ಹಾಕಿ ಹೋದೆ. ಬೇರೆ ಬೇರೆ ಜಿಲ್ಲೆಗಳಿಂದ ಬಂದವರಿದ್ದರು. ಬೇಡಿಕೆ ಹಲವು: ಪಿಂಚಣಿ, ಗೌರವಧನ, ಬಸ್ಸು. ‘ಹೇಗೆ ಬಂದ್ರೋ’ ಅಂದೆ. ‘ಟೆಂಪೋ ಮಾಡ್ಕೊಂಡು. ಬಸ್ಸು ಕೇಳೋಕೆ ಟೆಂಪೋದಲ್ಲಿ ಬರ್ಬೇಕು, ನೋಡು ನಮ್ಮ ಯೋಗ’ ಅಂತ ನಕ್ಕ. ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬರು ಅವತ್ತು ನೀರೇ ಕುಡಿದಿರಲಿಲ್ಲ. ಕುಡಿದರೆ ದಾರಿಯಲ್ಲಿ ಶೌಚಾಲಯಕ್ಕೆ ಎಲ್ಲಿ ಇಳಿಯುವುದು ಅನ್ನುವ ಭಯ. ಬೇಡಿಕೆಯ ಪಟ್ಟಿಯಲ್ಲಿ ಆ ನೀರು ಇರಲಿಲ್ಲ. ಮೈಕಿನಲ್ಲಿ ಯಾರೋ ವಿಶೇಷಚೇತನರು ಅಂದರು, ಇನ್ನೊಬ್ಬರು ದಿವ್ಯಾಂಗರು ಅಂದರು. ನನ್ನ ಗೆಳೆಯ ಕಿವಿಯಲ್ಲಿ ಹೇಳಿದ: ‘ಅಂಗವಿಕಲ, ವಿಕಲಚೇತನ, ವಿಶೇಷಚೇತನ, ದಿವ್ಯಾಂಗ. ನಾಲ್ಕು ಸಲ ಹೆಸರು ಬದಲಾಯ್ಸಿದ್ರು ಕಣೋ. ಮೆಟ್ಟಿಲು ಒಂದ್ ಸಲ ಬದಲಾಯ್ಸಿದ್ರೆ ಸಾಕಿತ್ತು.’

ಪೋಲಿಯೊ ಹೋಯ್ತಲ್ಲ, ಇನ್ನೇನು ಅಂತ ಕೇಳುವವರಿದ್ದಾರೆ. ಹೋಗಿದೆ, ದೊಡ್ಡ ಮಾತು ಅದು. ದೇಶದಲ್ಲಿ ಕಾಡು ಪೋಲಿಯೊದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಕಂಡದ್ದು. ಬೈಕು ಹೋಗಿಲ್ಲವಲ್ಲ, ಸಕ್ಕರೆ ಕಾಯಿಲೆ ಹೋಗಿಲ್ಲವಲ್ಲ. ಹೈವೇ ಪಕ್ಕದ ತಾಲ್ಲೂಕು ನಮ್ಮದು. ಅಪಘಾತದಲ್ಲಿ ಕಾಲು ಕಳೆದುಕೊಂಡವರು, ಸಕ್ಕರೆ ಕಾಯಿಲೆಯಿಂದ ಪಾದ ತೆಗೆಸಿಕೊಂಡವರು ಈ ಸಭೆಯ ಬಂಧುಬಳಗದಲ್ಲೇ ಇರುತ್ತಾರೆ. 2011ರ ಜನಗಣತಿಯಲ್ಲಿ ನಮ್ಮ ರಾಜ್ಯದ ಅಂಗವಿಕಲರ ಸಂಖ್ಯೆ 13.24 ಲಕ್ಷ, ದೇಶದಲ್ಲಿ 2.68 ಕೋಟಿ. ಆ ಲೆಕ್ಕದಲ್ಲಿ ನಮ್ಮಮ್ಮ ಇಲ್ಲ. ಅವರಿಗೆ ಇರುವುದು ಮಂಡಿನೋವು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ಸು ಉಚಿತವಾದಾಗ ಬಹಳ ಸಂತೋಷಪಟ್ಟರು, ಆವನಿಗೆ, ಕುರುಡುಮಲೆಗೆ ಹೋಗಿಬಂದರು. ಈಗ ಹೋಗುವುದಿಲ್ಲ. ‘ಟಿಕೆಟ್ಟು ಫ್ರೀ ಮಾಡಿದ್ರಪ್ಪಾ, ಮಂಡಿ ಯಾರು ಫ್ರೀ ಮಾಡ್ತಾರೆ’ ಅನ್ನುತ್ತಾರೆ. ನಮ್ಮ ಸ್ಟಾಪಿನಲ್ಲಿ ಒಂದು ಬೆಳಿಗ್ಗೆ ನಿಂತು ನೋಡಿ. ಬಸ್ಸು ಹತ್ತುವಾಗ ಎಷ್ಟು ಜನ ಎರಡೂ ಕೈಯಲ್ಲಿ ಕಂಬಿ ಹಿಡಿದು ‘ಅಮ್ಮಾ’ ಅಂತ ಮೈ ಎಳೆದುಕೊಳ್ಳುತ್ತಾರೆ, ಬಸುರಿಯರು, ಕಂಕುಳಲ್ಲಿ ಕೂಸಿರುವವರು, ಅಜ್ಜ ಅಜ್ಜಿಯರು ಎಷ್ಟು ಜನ, ಎಣಿಸಿ.

ನಾನು ಮತ್ತು ಅವನು ಕಳೆದ ತಿಂಗಳು ಒಂದು ಕೆಲಸ ಮಾಡಿದೆವು. ‘ಸುಮ್ನೆ ಬಸ್ಸು ಬಸ್ಸು ಅಂತ ಅರ್ಜಿ ಕೊಟ್ರೆ ಯಾರೂ ಓದಲ್ಲ. ಅಳತೆ ಹಾಕೊಂಡು ಬಾ’ ಅಂದ. ಟೇಪು ತಂದೆ. ನಿಂತಿದ್ದ ಬಸ್ಸಿನ ಮೊದಲ ಮೆಟ್ಟಿಲು ರಸ್ತೆಯಿಂದ ಎಷ್ಟು ಎತ್ತರ, ಆಮೇಲಿನ ಮೆಟ್ಟಿಲು ಎಷ್ಟು, ಬಾಗಿಲ ಅಗಲ ಎಷ್ಟು ಎಂದೆಲ್ಲ ಅಳೆದೆವು. ಡ್ರೈವರಣ್ಣ ‘ಏನ್ ಸಾರ್, ಬಸ್ಸು ಕೊಂಡ್ಕೊಳ್ತೀರಾ’ ಅಂತ ತಮಾಷೆ ಮಾಡಿದರು. ವಿಷಯ ಹೇಳಿದ ಮೇಲೆ ತಾವೇ ಟೇಪಿನ ಇನ್ನೊಂದು ತುದಿ ಹಿಡಿದರು. ಅವರು ಹೇಳಿದ ಒಂದು ಮಾತು ನಮಗೆ ಹೊಳೆದಿರಲಿಲ್ಲ: ಸ್ಟಾಪಿನಲ್ಲಿ ಒಂದು ಕಟ್ಟೆ ಕಟ್ಟಿ, ಅದಕ್ಕೆ ಒಂದು ತುದಿಯಿಂದ ಇಳಿಜಾರು ಬಿಟ್ಟು, ಬೈಕು, ತಳ್ಳುಗಾಡಿ ಅಡ್ಡ ನಿಲ್ಲಿಸದಂತೆ ನೋಡಿಕೊಂಡರೆ ಬಸ್ಸನ್ನು ಕಟ್ಟೆಗೆ ಒರಸಿ ನಿಲ್ಲಿಸುತ್ತೇವೆ, ಮೊದಲ ಮೆಟ್ಟಿಲು ತಾನಾಗಿ ತಗ್ಗುತ್ತದೆ. ಗಾಲಿಕುರ್ಚಿಗೆ ಅದು ಸಾಲದು, ಅದಕ್ಕೆ ಲಿಫ್ಟಿರುವ ಬಸ್ಸೇ ಬೇಕು. ಆದರೆ ನಮ್ಮಮ್ಮನಿಗೆ, ಕೋಲು ಹಿಡಿದವರಿಗೆ, 2005ರಲ್ಲಿ ಅವನಿಗೆ, ಅಷ್ಟು ಸಾಕಿತ್ತು.

ಅರ್ಜಿ ಎರಡು ಇವೆ. ಒಂದು ಕಟ್ಟೆಗಾಗಿ ಪಂಚಾಯಿತಿಗೆ. ಇನ್ನೊಂದು ಸಾರಿಗೆಯವರಿಗೆ: ಮುಂದೆ ಈ ಕಡೆಗೆ ಹೊಸ ಬಸ್ಸು ಹಾಕುವಾಗ ಬೆಳಿಗ್ಗೆ ಮತ್ತು ಸಂಜೆ ಕಾಲೇಜು ಹೊತ್ತಿಗೆ ಒಂದೊಂದಾದರೂ ಲಿಫ್ಟ್ ಇರುವುದು ಬೇಕು, ಹತ್ತುವವರು ಪೂರ್ತಿ ಹತ್ತಿದ ಮೇಲೇ ಬಸ್ಸು ಹೊರಡಬೇಕು ಅಂತ. ಕಾಯ್ದೆಯ ಕಲಮುಗಳನ್ನು ನಾನು ಬರೆದಿದ್ದೇನೆ, ಅಳತೆಗಳನ್ನು ಅವನು ತನ್ನ ಕೈಬರಹದಲ್ಲೇ ಬರೆದಿದ್ದಾನೆ. ಅಕ್ಷರ ಈಗಲೂ ಚೆನ್ನಾಗಿದೆ. ಹಳೆಯ ವಿದ್ಯಾರ್ಥಿಗಳು ಕಟ್ಟೆಗೆ ಇಟ್ಟಿಗೆ, ಸಿಮೆಂಟು ಕೊಡುತ್ತೇವೆ ಅಂದರೆ ಬೇಡ ಅನ್ನುವುದಿಲ್ಲ, ಆದರೆ ಅರ್ಜಿ ಮೊದಲು. ದಾನವಾಗಿ ಬಂದ ಕಟ್ಟೆ ಮುರಿದುಬಿದ್ದರೆ ಕೇಳುವವರಿರುವುದಿಲ್ಲ ಅನ್ನುವುದು ಅವನ ವಾದ, ನನಗೂ ಸರಿ ಅನ್ನಿಸಿತು.

ಎರಡೂ ಅರ್ಜಿ ಶಾಮಿಯಾನದ ಬಲಗಡೆ, ನೀರಿನ ಡ್ರಮ್ಮಿನ ಪಕ್ಕದ ಮೇಜಿನ ಮೇಲಿವೆ. ಪೆನ್ನು ಇದೆ, ಹೆಬ್ಬೆಟ್ಟಿಗೆ ಇಂಕ್ ಪ್ಯಾಡೂ ಇದೆ. ಸಹಿಯ ಮುಂದೆ ನಿಮ್ಮ ಬ್ಯಾಚಿನ ವರ್ಷ ಬರೆಯಿರಿ. ಅವನು ಅಲ್ಲೇ ಕೂತಿದ್ದಾನೆ, ಊಟ ಮುಗಿಯುವವರೆಗೂ ಇರುತ್ತಾನೆ.